ಮಾರ್ಕೆಟ್ ಯಾರ್ಡಿನ ರಸ್ತೆ ಮತ್ತು ಹೆಣ್ಣುಮಕ್ಕಳ ಸೈಕಲ್

ದೃಶ್ಯ 1: ಗುಲ್ಟೇಕಡಿ, ಸಗಟು ಮಾರುಕಟ್ಟೆಯ ಹೊರರಸ್ತೆ
ಒಂದು ಕಾಲಕ್ಕೆ ಸೈಕಲ್‌ಗಳ ನಗರವೆಂದೇ ಹೆಸರಾಗಿದ್ದ ಪುಣೆಯಲ್ಲಿ, ಮಾರ್ಕೆಟ್ ಯಾರ್ಡಿನ ಸುತ್ತ ಲಾರಿ, ಟೆಂಪೊ, ಕೈಗಾಡಿಗಳು ರಸ್ತೆಯನ್ನು ತುಂಬಿಕೊಂಡಿರುವುದನ್ನು ಗಮನಿಸಿದರೆ, ಮಹಿಳೆಯರನ್ನು ಸೈಕಲ್‌ನಿಂದ ದೂರವಿಡುವುದು ನಿರಾಸಕ್ತಿಗಿಂತ ಹೆಚ್ಚಾಗಿ ಅಪಘಾತದ ಭಯವೆಂಬುದು ಮನವರಿಕೆಯಾಗುತ್ತದೆ. ಶಾಲೆ, ತರಕಾರಿ, ಔಷಧಿ ಅಂಗಡಿ ಎಂದು ಹಲವು ಕೆಲಸಗಳನ್ನು ಒಂದೇ ಸುತ್ತಿನಲ್ಲಿ ಮುಗಿಸುವ ಓಡಾಟವನ್ನು ಸರಣಿ ಪ್ರಯಾಣ ಎನ್ನಬಹುದು; ಮಹಿಳೆಯರ ದಿನಚರಿಯಲ್ಲಿ ಹೆಚ್ಚಾಗಿ ಕಾಣುವ ಇಂಥ ಓಡಾಟಕ್ಕೆ ಸೈಕಲ್ ಹೇಳಿ ಮಾಡಿಸಿದಂತಿದೆ.

ದೃಶ್ಯ 2: ಲೇಡೀಸ್ ಸೈಕಲ್, ಸಮೀಪದಿಂದ
ಹತ್ತಿ ಇಳಿಯಲು ಸುಲಭವಾಗುವಂತೆ ನಡುವಿನ ಅಡ್ಡ ಬಾರ್ ಅನ್ನು ಕೆಳಗಿಳಿಸಿರುವ ಈ ಸೈಕಲ್‌ನಲ್ಲಿ, ಚೈನ್ ಕವರ್ ಮತ್ತು ಹಿಂದಿನ ಚಕ್ರದ ಜಾಲರಿ ದುಪಟ್ಟಾ, ಸೆರಗು ಸಿಕ್ಕಿಕೊಳ್ಳದಂತೆ ತಡೆಯುತ್ತವೆ. ಕಲಿಯುವವರ ಎರಡೂ ಪಾದಗಳು ನೆಲ ಮುಟ್ಟುವಷ್ಟು ಸೀಟನ್ನು ತಗ್ಗಿಸಿದರೆ ಬೀಳುವ ಅಂಜಿಕೆ ಕಡಿಮೆಯಾಗುತ್ತದೆ.

ದೃಶ್ಯ 3: ಸೈಕಲ್ ಏರಿ ಶಾಲೆಗೆ ಹೊರಟ ಬಾಲಕಿಯರು
ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯವರಿಗೆ ಉಚಿತ ಸೈಕಲ್ ವಿತರಣೆ ಆರಂಭಿಸಿತು. ಅದೇ ಅವಧಿಯ ಬಿಹಾರದ ಯೋಜನೆಯಿಂದ ಪ್ರೌಢಶಾಲೆಗೆ ಸೇರುವ ಬಾಲಕಿಯರ ಪ್ರಮಾಣ ಶೇ 32ರಷ್ಟು ಹೆಚ್ಚಿತೆಂದು ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅವರ ಅಧ್ಯಯನ ಕಂಡುಕೊಂಡಿತು. ತಮಿಳುನಾಡಿನ ಪುದುಕ್ಕೋಟೈಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನವೇ ಗ್ರಾಮೀಣ ಮಹಿಳೆಯರಿಗೆ ಸೈಕಲ್ ಕಲಿಸಿತು.

ದೃಶ್ಯ 4: ಬೀದಿದೀಪ, ಸೈಕಲ್ ಪಥ
ಆದರೆ ಸೈಕಲ್ ಕೊಟ್ಟರಷ್ಟೇ ಸಾಲದು: ಭಾರಿ ವಾಹನಗಳಿಂದ ಬೇರ್ಪಡಿಸಿದ ಪಥ, ಸಂಜೆಯ ಬೆಳಕು, ಬೀಗ ಹಾಕಿ ನಿಲ್ಲಿಸುವ ಜಾಗ, ಗುಂಪಾಗಿ ಕಲಿಯುವ ಅವಕಾಶ ಇವೆಲ್ಲ ಒದಗಿದಾಗ ಮಾತ್ರ ಮಗಳ ಜೊತೆ ತಾಯಿಯೂ ಪೆಡಲ್ ತುಳಿಯಲು ಮುಂದಾಗುತ್ತಾಳೆ.