ಗಟ್ಟಿಗೊಂಡ ನೆಲವೂ ಸೊರಗುವ ಮರವೂ

ಹಲಸೂರಿನಿಂದ ಕೃಷ್ಣರಾಜಪುರದವರೆಗಿನ ಕೆಮ್ಮಣ್ಣು ಗಾಡಿ, ದನಗಳ ತುಳಿತದಿಂದ ಗಟ್ಟಿಗೊಂಡರೆ ನೀರೂ ಗಾಳಿಯೂ ಒಳಗಿಳಿಯವು. ಆಗ ಮಾವು, ಹಲಸು, ಹೊಂಗೆಗಳ ತುದಿರೆಂಬೆಗಳು ಒಣಗತೊಡಗುವುವು. ಇದನ್ನು ರೋಗವೆಂದೆಣಿಸಿ ಬುಡಕ್ಕೆ ಕೊಡಗಟ್ಟಲೆ ನೀರು ಹೊಯ್ಯುವವರುಂಟು. ಆದರೆ ಆಹಾರ ಹೀರುವ ಸಣ್ಣ ಬೇರುಗಳು ಬಹುಮಟ್ಟಿಗೆ ಮೇಲಿನ 18 ಅಂಗುಲ ಮಣ್ಣಿನಲ್ಲಿಯೇ, ಬುಡದಿಂದ ದೂರಕ್ಕೆ, ರೆಂಬೆಗಳ ಅಂಚಿನಾಚೆಗೂ ಹರಡಿರುತ್ತವೆ.

ಮುಂಗಾರು ಮಳೆಗೆ ನೆಲ ನೆನೆದು, ಮುಷ್ಟಿಯಲ್ಲಿ ಹಿಡಿದ ಮಣ್ಣು ಉದುರುವ ಹದಕ್ಕೆ ಬಂದೊಡನೆ, ಆ ಅಂಚಿನ ಸುತ್ತ ಹಾರೆಯಿಂದ 2 ಅಡಿಗೊಂದರಂತೆ 1 ಅಡಿ ಆಳದ ಕುಳಿಗಳನ್ನು ತೆಗೆದು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ತುಂಬತಕ್ಕದ್ದು. ದಪ್ಪ ಬೇರು ಸಿಕ್ಕಿದಲ್ಲಿ ಕುಳಿಯನ್ನು ಪಕ್ಕಕ್ಕೆ ಸರಿಸುವುದು. ನೇಗಿಲನ್ನಂತೂ ಹೂಡಲೇಕೂಡದು. ಮೇಲೆ 3 ಅಂಗುಲ ತರಗನ್ನು ಕಾಂಡಕ್ಕೆ ತಾಗದಂತೆ ಹರಡಿದರೆ ಎರೆಹುಳುಗಳು ಉಳಿದ ಕೆಲಸವನ್ನು ಕೂಲಿಯಿಲ್ಲದೆ ಮಾಡುವುವು.

ಜಾತ್ರೆಯ ಗಾಡಿಗಳೆಲ್ಲವೂ ತೋಪಿನ ನೆರಳನ್ನೇ ಹುಡುಕುತ್ತವೆ. ಅವನ್ನು ತಡೆಯಲು ಮುಳ್ಳುಬೇಲಿ ಹಾಕಿಸುವುದು ಗ್ರಾಮದ ಮುಖಂಡರ ಕೆಲಸ.