ಬೆಕ್ಕಿಗೆಂದು ಹೊರಟ ಹುಳು

ಸಿಂಧನೂರು ಸೀಮೆಯೆಂದರೆ ತುಂಗಭದ್ರಾ ಎಡದಂಡೆ ಕಾಲುವೆ, ಕಾಲುವೆಯೆಂದರೆ ಭತ್ತ. ಭತ್ತವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಬೆಕ್ಕು. ಇವೆರಡನ್ನೂ ನಂಬಿ ಬದುಕುವ ಮೂರನೆಯ ಜೀವವೊಂದು ಲೋಕದ ಬಹುಪಾಲು ಕಡೆ ಇದೆ: ಟೀನಿಯಾ ಟೀನಿಯೆಫಾರ್ಮಿಸ್ ಎಂಬ ಲಾಡಿಹುಳು.

ಅದರ ಹಾದಿ ನೋಡಿ! ಬೆಕ್ಕಿನ ಕರುಳಲ್ಲಿ ಬೆಳೆದ ಹುಳುವಿನ ಮೊಟ್ಟೆಗಳು ಮಲದೊಂದಿಗೆ ಹೊರಬೀಳುತ್ತವೆ. ಇಲಿ ಕಾಳಿನ ಜತೆ ಅವನ್ನು ನುಂಗುತ್ತದೆ. ಮರಿಹುಳು ಕರುಳು ಕೊರೆದು, ರಕ್ತದ ಹಾದಿ ಹಿಡಿದು ಪಿತ್ತಜನಕಾಂಗ ಸೇರುತ್ತದೆ. ಇಲಿಯ ದೇಹ ಅದರ ಸುತ್ತ ಗೋಡೆ ಕಟ್ಟುತ್ತದೆ. ಆ ಬಿಳಿ ಗುಳ್ಳೆ ಬಿಡಿಸಿದರೆ ಒಳಗೆ ತಲೆ ಸಮೇತ ಮಡಚಿಕೊಂಡ ಪುಟ್ಟ ಲಾಡಿಹುಳು! ಬೆಕ್ಕೊಂದು ಈ ಇಲಿಯನ್ನು ಹಿಡಿದು ತಿಂದಾಗಲೇ ಅದಕ್ಕೆ ಮುಂದಿನ ಬಾಳು.

ಬೆಕ್ಕು ಬರಲೇ ಇಲ್ಲವೆನ್ನಿ. ಸಾಕಿದ ಇಲಿಯಾದರೆ ಪಂಜರದಲ್ಲಿ ಹಾಯಾಗಿ ಮುದಿಯಾಗುತ್ತದೆ, ಹುಳುವೂ ಒಳಗೇ ಉಳಿಯುತ್ತದೆ. ತಿಂಗಳುಗಟ್ಟಲೆ ಕಳೆದ ಮೇಲೆ ಕೆಲವು ಇಲಿಗಳಲ್ಲಿ ಆ ಗೋಡೆಯೇ ಸಾರ್ಕೋಮಾ ಎಂಬ ಕ್ಯಾನ್ಸರ್ ಆಗುತ್ತದೆ. ಗಡ್ಡೆ ಹುಳುವಿನದಲ್ಲ, ಇಲಿಯದೇ ಮಾಂಸ. ಹುಳುವನ್ನು ತಡೆಯಲು ಕಟ್ಟಿದ ಕೋಟೆಯೇ ಒಡೆಯನನ್ನು ತಿನ್ನತೊಡಗುತ್ತದೆ!

ಇದನ್ನು ಬೇಕೆಂದೇ ಆಗಿಸಿ ತೋರಿಸಿದವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಫ್ರೆಡರಿಕ್ ಬುಲಕ್ ಮತ್ತು ಮೇನಿ ಕರ್ಟಿಸ್. 1920ರಲ್ಲಿ ಅವರು ಇಲಿಗಳಿಗೆ ಹುಳುವಿನ ಮೊಟ್ಟೆ ತಿನ್ನಿಸಿದ ಪ್ರಯೋಗದ ಫಲ ಪ್ರಕಟಿಸಿದರು. ಎಲ್ಲ ತಳಿಗಳಿಗೂ ಒಂದೇ ಪ್ರಮಾಣದಲ್ಲಿ ರೋಗ ಬರಲಿಲ್ಲ. ವಂಶದ ಪಾಲೂ ಇತ್ತು. ಆ ಕೆಲಸಕ್ಕೆಂದೇ ಕರ್ಟಿಸ್ ಬೆಳೆಸಿದ ತಳಿಗಳಲ್ಲಿ ಒಂದು ಫಿಷರ್ 344. ಇಲಿ ಸಾಕಿ ಕೊಟ್ಟವನ ಹೆಸರು ಫಿಷರ್, ಜೋಡಿ ಕೂಡಿಸಿದ ಸಂಖ್ಯೆ 344. ಇಂದಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ಅದರ ಸಂತತಿ ಓಡಾಡುತ್ತಿದೆ! 1946ರಲ್ಲಿ ಡನಿಂಗ್ ಎಂಬ ಸಂಶೋಧಕಿ ಮತ್ತು ಕರ್ಟಿಸ್ ಇದೇ ಮರಿಹುಳುಗಳನ್ನು ತೊಳೆದು, ಅರೆದು ಇಲಿಯ ಹೊಟ್ಟೆಗೆ ಚುಚ್ಚಿದರು. ಆಗಲೂ ಗಡ್ಡೆ ಎದ್ದವು. ಅಂದರೆ ಹುಳು ಜೀವಂತವಾಗಿ ಇರಬೇಕೆಂದೂ ಇಲ್ಲ!

ಇಲಿಯ ಜಠರದ ಬೇರೊಂದು ಹುಳುವಿನಿಂದ ಕ್ಯಾನ್ಸರ್ ಬರುತ್ತದೆಂದ ಡೆನ್ಮಾರ್ಕಿನ ಯೋಹಾನೆಸ್ ಫಿಬಿಗರ್‌ಗೆ 1926ರ ನೊಬೆಲ್ ಸಂದಿತು. ಆ ತೀರ್ಮಾನ ಆಮೇಲೆ ನಿಲ್ಲಲಿಲ್ಲ. ನಿಂತದ್ದು ಬುಲಕ್-ಕರ್ಟಿಸ್ ಜೋಡಿಯ ಕೆಲಸ. ಅವರಿಗೆ ನೊಬೆಲ್ ಬರಲಿಲ್ಲ. ನನಗಿದು ನೋವಿನ ಸಂಗತಿ.

ಮನೆಯಲ್ಲಿ ಬಿಳಿ ಇಲಿ, ಹ್ಯಾಮ್‌ಸ್ಟರ್ ಸಾಕುವ ಮಕ್ಕಳೇ, ಪಂಜರಕ್ಕೆ ಹಾಸುವ ಭತ್ತದ ಹೊಟ್ಟು ಬಯಲಲ್ಲಿ ಬಿದ್ದ ರಾಶಿಯದೇ? ಬೆಕ್ಕುಗಳು ಅಲ್ಲೇ ಕೆದರಿ ಮಲ ಹೂಳುತ್ತವೆ, ಅದರಲ್ಲಿ ಈ ಹುಳುವಿನ ಮೊಟ್ಟೆಗಳಿರಬಹುದು. ಮುಚ್ಚಿಟ್ಟ ಚೀಲದ ಹೊಟ್ಟು ತನ್ನಿ.

ಇನ್ನು ಹುಳು-ಕ್ಯಾನ್ಸರ್ ಕತೆಯ ತಿರುವು ಮುರುವು ಕೇಳಿ. ಇಲಿ, ಹ್ಯಾಮ್‌ಸ್ಟರ್‌ಗಳಲ್ಲೂ ಮನುಷ್ಯರಲ್ಲೂ ಇರುವ ಕುಬ್ಜ ಲಾಡಿಹುಳು ಹೈಮೆನೊಲೆಪಿಸ್ ನಾನಾ. ಕೊಲಂಬಿಯಾ ದೇಶದಲ್ಲಿ ಎಚ್‌ಐವಿ ಇದ್ದ, ರೋಗನಿರೋಧಕ ಶಕ್ತಿ ಕುಸಿದಿದ್ದ 41 ವರ್ಷದ ಒಬ್ಬರ ಶ್ವಾಸಕೋಶದಲ್ಲಿ ಗಡ್ಡೆಗಳು ಹಬ್ಬಿದ್ದವು. ಜೀವಕೋಶಗಳು ಮನುಷ್ಯರದಕ್ಕಿಂತ ತೀರ ಚಿಕ್ಕವು. ಡಿಎನ್‌ಎ ಪರೀಕ್ಷಿಸಿದರೆ ಅವು ಈ ಕುಬ್ಜ ಲಾಡಿಹುಳುವಿನವು! 2015ರಲ್ಲಿ ಈ ವರದಿ ಹೊರಬಂದಾಗ ವೈದ್ಯಲೋಕ ಬೆರಗಾಯಿತು: ಕ್ಯಾನ್ಸರ್ ಬಂದದ್ದು ಹುಳುವಿಗೆ, ಹಬ್ಬಿದ್ದು ಮನುಷ್ಯನ ಒಡಲಿಗೆ!