ಪುಂಡಿ ಕಡ್ಡಿಯೊಳಗೆ ಎತ್ತಿನ ಒಡವೆ!

ಪುಂಡಿಪಲ್ಯ ಉಂಡವರೆಲ್ಲ ಕೇಳಿ! ಎಲೆ ಅಡುಗೆಮನೆ ಸೇರಿದ ಮೇಲೆ ಹೊಲದಲ್ಲಿ ಬೋಳಾಗಿ ನಿಲ್ಲುತ್ತದಲ್ಲ ಆ ಕಡ್ಡಿ, ಅದರೊಳಗೆ ಒಡವೆ ಅಡಗಿದೆ. ಎತ್ತಿನ ಒಡವೆ! ತೆಲಂಗಾಣದ ಗಡಿಯ ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ಸೀಮೆಯಲ್ಲಿ ಜೋಳ, ತೊಗರಿಯ ಹೊಲದಂಚಿಗೆ ಬೆಳೆಯುವ ಗಿಡ ಇದು. ಯಾರೂ ಇದರ ಫೋಟೊ ತೆಗೆಯುವುದಿಲ್ಲ.

ಕಡ್ಡಿಗಳನ್ನು ಕಟ್ಟು ಕಟ್ಟಿ, ನೀರಿಗಿಳಿಸಿ, ಮೇಲೆ ಕಲ್ಲು ಹೇರುತ್ತಾರೆ. ಕೆಲವು ದಿನಕ್ಕೆ ಆ ನೀರು ಎಂಥ ವಾಸನೆ! ಹತ್ತಿರ ನಿಲ್ಲಲಾಗದು. ಆದರೆ ಕೊಳೆಯುವುದರಲ್ಲೇ ಪವಾಡ. ತೊಗಟೆಯ ಅಂಟು ಕರಗುತ್ತದೆ. ಸುಲಿದರೆ ಮಾರುದ್ದದ ನಾರು, ತೊಳೆದು ಒಣಗಿಸಿದರೆ ಬೆಳ್ಳಗೆ ಹೊಳೆಯುತ್ತದೆ.

ಇನ್ನು ಹೊಸೆಯುವುದು ನೋಡಿ. ಒಂದು ಎಳೆಯನ್ನು ತೊಡೆಯ ಮೇಲೆ ಒಂದೇ ದಿಕ್ಕಿಗೆ ಹೊಸೆದು ಬಿಟ್ಟರೆ ಗಿರ್ರನೆ ಬಿಚ್ಚಿಕೊಳ್ಳುತ್ತದೆ. ಅಂಥ ಎರಡು ಮೂರು ಎಳೆ ಸೇರಿಸಿ ಎದುರು ದಿಕ್ಕಿಗೆ ಹುರಿ ಹಾಕಿ. ಈಗ ಪ್ರತಿ ಎಳೆಯೂ ಬಿಡಿಸಿಕೊಳ್ಳಲು ಹೆಣಗುತ್ತದೆ, ಹೆಣಗಿದಷ್ಟೂ ಜೊತೆಯ ಎಳೆಗೆ ಬಿಗಿಯುತ್ತದೆ! ಅಂಟಿಲ್ಲ, ಸೂಜಿಯಿಲ್ಲ. ಬಿಚ್ಚಿಕೊಳ್ಳಬೇಕೆಂಬ ಹಟವೇ ಹಗ್ಗವನ್ನು ಹಿಡಿದಿಟ್ಟಿದೆ. ಬೀದರ್, ಮರಾಠವಾಡಾ ಗಡಿಯ ಮಾಂಗ ಸಮುದಾಯದವರು ಇದನ್ನೇ ಕುಲಕಸುಬಾಗಿ ತಲೆತಲಾಂತರದಿಂದ ನಡೆಸಿಕೊಂಡು ಬಂದವರು. ಈ ವಿದ್ಯೆಯನ್ನು ಯಾವ ಪಾಠಪುಸ್ತಕದಲ್ಲೂ ನಾನು ಓದಿರಲಿಲ್ಲ.

ಗಂಟಿನ ಆಟ ಇನ್ನೂ ವಿಚಿತ್ರ. ನಾಲ್ಕು ಹುರಿ ತೆಗೆದುಕೊಳ್ಳಿ. ನಡುವಿನ ಎರಡನ್ನು ಬಿಗಿ ಹಿಡಿದು, ಹೊರಗಿನ ಎರಡರಿಂದ ಒಮ್ಮೆ ಎಡದಿಂದ, ಒಮ್ಮೆ ಬಲದಿಂದ ಗಂಟು ಹಾಕುತ್ತ ಹೋದರೆ ಚಪ್ಪಟೆ ಪಟ್ಟಿ. ಅದೇ ಗಂಟನ್ನು ಪ್ರತಿಸಲ ಎಡದಿಂದಲೇ ಹಾಕಿ; ಪಟ್ಟಿ ತಾನೇ ಸುತ್ತಿಕೊಂಡು ಸುರುಳಿಯಾಗುತ್ತದೆ! ಶಹರಗಳಲ್ಲಿ ದುಡ್ಡು ತೆಗೆದುಕೊಂಡು ಮ್ಯಾಕ್ರಮೆ ಎಂದು ಕಲಿಸುವುದೂ ಇದನ್ನೇ. ಅಮೆರಿಕದ ಕ್ಲಿಫರ್ಡ್ ಆಶ್ಲಿ 1944ರಲ್ಲಿ ಪ್ರಕಟಿಸಿದ ಗಂಟುಗಳ ಪುಸ್ತಕದಲ್ಲಿ 3,800ಕ್ಕೂ ಹೆಚ್ಚು ನಮೂದುಗಳಿವೆ. ಪಾಪ, ಆತ ನಮ್ಮ ಎತ್ತುಗಳ ಹಬ್ಬದ, ಕಾರಹುಣ್ಣಿಮೆಯ ಸಂತೆ ನೋಡಲಿಲ್ಲ.

ಸಂತೆ ಅಂದರೆ ಸಂತೆ! ಎತ್ತಿಗೆ ತೊಡಿಸುವ ಮೂಗದಾಣ, ಮತಾಟಿ, ಮಗಡ, ಗೆಜ್ಜೆಸರ, ಕೆಂಪು ಹಳದಿ ಹಸಿರು ಗೊಂಡೆಗಳ ಗೊಂಚಲು. ಗೊಂಡೆ ಮಾಡುವುದು ಅಂಗೈ ಮೇಲೆ: ನೂಲನ್ನು ಸುತ್ತಿ ಸುತ್ತಿ, ನಡುವೆ ಬಿಗಿದು ಕಟ್ಟಿ, ಅಂಚು ಕತ್ತರಿಸಿ ಉಜ್ಜಿದರೆ ಚೆಂಡುಹೂವಿನ ಹಾಗೆ ಅರಳುತ್ತದೆ. ಬರೀ ಚೆಂದಕ್ಕಲ್ಲ, ಎತ್ತು ತಲೆ ಆಡಿಸಿದಾಗೆಲ್ಲ ಹಣೆಯ ಮೇಲಿನ ಕುಚ್ಚು ಕಣ್ಣಿಗೆ ಮುತ್ತುವ ನೊಣ ಓಡಿಸುತ್ತದೆ. ಇದೇ ಕುಚ್ಚು ತಾಂಡಾಗಳ ಬಂಜಾರ ಹೆಂಗಸರ ಉಡುಗೆಯಲ್ಲೂ ಕವಡೆಯ ಜೊತೆ ಇದೆ. ಉಪ್ಪು, ಧಾನ್ಯ ಹೇರಿದ ಎತ್ತುಗಳ ಹಿಂಡಿನೊಂದಿಗೆ ದಖ್ಖನ್ ಸುತ್ತಿದ ಜನ ಅವರು. ತಾವು ತೊಟ್ಟ ಸಿಂಗಾರವನ್ನು ಎತ್ತಿಗೂ ತೊಡಿಸಿದರು!

1956ರವರೆಗೆ ಜಹೀರಾಬಾದ್, ನಾರಾಯಣಖೇಡ ಬೀದರ್ ಜಿಲ್ಲೆಯಲ್ಲಿದ್ದವು. ತಾಂಡೂರು ಗುಲ್ಬರ್ಗ ಜಿಲ್ಲೆಯಲ್ಲಿತ್ತು. ರಾಜ್ಯ ಬದಲಾಯಿತು, ಜ್ಯೇಷ್ಠದ ಹುಣ್ಣಿಮೆ ಬದಲಾಗಲಿಲ್ಲ. ಕನ್ನಡದವರಿಗೆ ಅದು ಕಾರಹುಣ್ಣಿಮೆ, ತೆಲುಗರಿಗೆ ಏರುವಾಕ. ನಮ್ಮಲ್ಲಿ ಸಿಂಗರಿಸಿದ ಎತ್ತುಗಳು ಓಡಿ ಬಂದು ಕರಿ, ಎಂದರೆ ಅಡ್ಡ ಕಟ್ಟಿದ ತೋರಣ, ಹರಿಯುತ್ತವೆ. ಯಾವ ಬಣ್ಣದ ಎತ್ತು ಗೆದ್ದಿತೆಂದು ನೋಡಿ ಆ ವರ್ಷದ ಬೆಳೆಯ ಲೆಕ್ಕ ಹಾಕುತ್ತಾರೆ. ತೆಲುಗರ ಹಳ್ಳಿಗಳಲ್ಲಿ ಊರ ಹೊರಗೆ ತೋರಣ ಕಟ್ಟುತ್ತಾರೆ. ಯಾವುದರಿಂದ ಗೊತ್ತೇ? ಅದೇ ಪುಂಡಿ ಜಾತಿಯ ಗೋಗುನಾರಿನಿಂದ! ರೈತರು ಬಾರುಕೋಲಿನಿಂದ ಅದನ್ನು ಹೊಡೆದು ಹರಿಯುತ್ತಾರೆ. ಕೈಗೆ ಸಿಕ್ಕ ನಾರನ್ನು ಒಯ್ದು ನೇಗಿಲಿಗೆ, ಎತ್ತಿನ ಕೊರಳಿಗೆ ಕಟ್ಟುತ್ತಾರೆ. ನನಗಂತೂ ಇದನ್ನು ತಿಳಿದ ದಿನ ಎರಡೂ ಹಬ್ಬ ಒಂದೇ ಹೊಲದಲ್ಲಿ ಹುಟ್ಟಿದವು ಎನ್ನಿಸಿತು.

ಈಗ ನೈಲಾನ್ ಬಂದಿದೆ. ಅಗ್ಗ, ಗಟ್ಟಿ, ಮಳೆಗೆ ಕೊಳೆಯದು. ಕೊಳ್ಳುವ ರೈತನನ್ನು ದೂರಲಾಗದು. ಎತ್ತುಗಳೂ ಟ್ರ್ಯಾಕ್ಟರಿಗೆ ಜಾಗ ಬಿಡುತ್ತಿವೆ. ಆದ್ದರಿಂದ ಮುಂದಿನ ಕಾರಹುಣ್ಣಿಮೆಯ ಮುಂಚಿನ ವಾರ ಈ ಊರುಗಳ ಸಂತೆಗೆ ಹೋದರೆ, ನಾರಿನದು ಇದೆಯೇ ಎಂದು ಒಮ್ಮೆ ಕೇಳಿ. ಇದ್ದರೆ, ಮನೆಯಲ್ಲಿ ಎತ್ತಿಲ್ಲದಿದ್ದರೂ ಕೊಳ್ಳಿ.